ಮಾತಿನ ಕೋಣೆಯ ಕುರ್ಚಿಗಳು ವಾಪಸ್ ಬರುವುದಿಲ್ಲ

ಆಸ್ಪತ್ರೆಯ ಮಾನ್ಯ ಆಡಳಿತಾಧಿಕಾರಿಗಳೇ,

ಕುರ್ಚಿಗಳನ್ನು ಕೊಡುವುದಿಲ್ಲ. ನಿಮ್ಮ ಜವಾನ ಬೆಳಿಗ್ಗೆ ಮತ್ತೆ ಬಂದಿದ್ದ, ಅವನಿಗೂ ಇದನ್ನೇ ಹೇಳಿ ಕಳಿಸಿದ್ದೇನೆ. ಪಾಪ, ಅವನು ನಕ್ಕ. ನೀವು ನಗುವುದಿಲ್ಲವೆಂದು ಗೊತ್ತು. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ, ಉಳಿದವರಾದರೂ ನಗಲಿ.

ಓದುವವರಿಗೆ ವಿಷಯ ತಿಳಿಯಬೇಕಲ್ಲ. ನಾನು ಕುಶನ್ ಅಂಗಡಿಯವನು. ಹರಿದ ಸೋಫಾ, ಕುಸಿದ ಬಸ್ ಸೀಟು, ಇವೇ ನನ್ನ ರೋಗಿಗಳು. ನಿಮ್ಮ ಆಸ್ಪತ್ರೆಯಲ್ಲಿ ಎಕ್ಸ್-ರೇ ಕೋಣೆ ದಾಟಿದರೆ ಇನ್ನೊಂದು ಸಣ್ಣ ಕೋಣೆಯಿತ್ತು. ಹೆದರಿದವರು, ನಿದ್ದೆ ಬಿಟ್ಟವರು, ಬದುಕು ಸಾಕೆನಿಸಿದವರು ಅಲ್ಲಿ ಒಬ್ಬ ಕೌನ್ಸೆಲರ್ ಮೇಡಂ ಎದುರು ಕೂತು ಮಾತಾಡುತ್ತಿದ್ದರು. ನೀವು ತಪಾಸಣೆಗೆ ಬಂದಿರಿ, ಸುತ್ತಲೂ ನೋಡಿದಿರಿ. "ಇಲ್ಲಿ ಒಂದು ಮೆಷಿನ್ನೂ ಇಲ್ವಲ್ರೀ, ಬರೀ ಕುರ್ಚಿ! ಹರಟೆಗೊಂದು ಕೋಣೆ ಬೇರೆ ಕೇಡು" ಅಂದಿರಿ. ಬೀಗ ಬಿತ್ತು. ಮೇಡಂ ಅವರನ್ನು ಚೀಟಿ ಕೊಡುವ ಕೌಂಟರಿಗೆ ಹಾಕಿದಿರಿ, ಕುರ್ಚಿಗಳು ನನ್ನ ಅಂಗಡಿಗೆ ಬಂದವು. ಮೆತ್ತೆ ಕಿತ್ತು, ಕಬ್ಬಿಣದ ಪಟ್ಟಿ ಬಡಿದು, ಔಷಧಿ ಕೌಂಟರಿನ ಮುಂದೆ ಸಾಲು ಮಾಡಿ ಕೊಡಬೇಕೆಂದು ನಿಮ್ಮ ಅಪ್ಪಣೆ.

ಹರಟೆಯೇ? ನನಗೆ ಓದು ಹತ್ತಲಿಲ್ಲ. ಆರನೇ ಕ್ಲಾಸಿನಲ್ಲಿ ಮೇಷ್ಟ್ರೂ ನಾನೂ ಪರಸ್ಪರ ಒಪ್ಪಿ ಬೇರೆಯಾದೆವು. ಆದ್ದರಿಂದ ಈ ಹರಟೆಯ ಚರಿತ್ರೆಯನ್ನು ಮೇಡಂ ಹತ್ತಿರವೇ ಕೇಳಿದೆ. ತಪ್ಪಿದ್ದರೆ ಅದು ನನ್ನ ಕಿವಿಯದು. ಒಂದು ಕಾಲದಲ್ಲಿ ಮನಸ್ಸು ಕೆಟ್ಟವರಿಗೆ ಸರಪಳಿ ಹಾಕಿ ಕೂಡಿಡುತ್ತಿದ್ದರಂತೆ. ನೂರು ವರ್ಷಕ್ಕೂ ಹಿಂದೆ ದೂರದೇಶದ ಡಾಕ್ಟರೊಬ್ಬರು ರೋಗಿಯನ್ನು ಮೆತ್ತೆ ಹಾಕಿದ ದಿವಾನದ ಮೇಲೆ ಮಲಗಿಸಿ, ತಾವು ತಲೆಯ ಹಿಂದೆ ಕೂತು, ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಿ ಅಂದರಂತೆ. ಕನಸು, ಚಿಕ್ಕಂದಿನ ನೋವು, ಒಳಗೆ ಅದುಮಿಟ್ಟದ್ದೆಲ್ಲ ಹೊರಗೆ ಬರಲಿ ಎಂದು. ಕೆಲವರು ವರ್ಷಗಟ್ಟಲೆ ಹೀಗೆ ಮಲಗಿದರಂತೆ.

"ನಮ್ಮ ಕಸುಬಿಗೆ ಅದೇ ಒಳ್ಳೆ ಕಾಲ ಮೇಡಂ" ಅಂದೆ.

"ಸುಮ್ನೆ ಕೇಳ್ತೀರಾ, ಇಲ್ಲ ಎದ್ದು ಹೋಗ್ಲಾ?" ಅಂದರು.

ಸುಮ್ಮನೆ ಕೇಳಿದೆ. ಮಾತೇ ಮದ್ದು ಎಂಬರ್ಥದ ಹೆಸರನ್ನು ಇದಕ್ಕೆ ಇಟ್ಟದ್ದು ಡಾಕ್ಟರಲ್ಲವಂತೆ, ಆ ಕಾಲದ ಒಬ್ಬ ರೋಗಿ, ಒಬ್ಬ ಹೆಂಗಸು. ಆಮೇಲೆ ಬಂದವರು, ಹಳೆಯದನ್ನು ಕೆದಕುವುದು ಬೇಡ, ಹೆದರಿಕೆ ಕಲಿತದ್ದಾದರೆ ಅದನ್ನು ಬಿಡಿಸಲೂ ಬಹುದು ಎಂದು ರೋಗಿಯನ್ನು ದಿವಾನದಿಂದ ಎಬ್ಬಿಸಿ, ಹೆದರುವ ವಸ್ತುವಿನ ಕಡೆಗೇ ಮೆಲ್ಲಗೆ ನಡೆಸಿದರು. ಇನ್ನೊಬ್ಬರು ಒಂದೇ ಎತ್ತರದ ಎರಡು ಕುರ್ಚಿ ಎದುರುಬದುರು ಹಾಕಿ, ಉಪದೇಶ ಕೊಡದೆ, ತಪ್ಪು ಹುಡುಕದೆ ಕೇಳಿಸಿಕೊಂಡರೆ ಸಾಕು, ಮನುಷ್ಯ ತಾನೇ ಚೇತರಿಸಿಕೊಳ್ಳುತ್ತಾನೆ ಅಂದರು. (ನಿಮ್ಮ ಕೋಣೆಯಲ್ಲಿ ನಿಮ್ಮ ಕುರ್ಚಿ ಎಷ್ಟು ಎತ್ತರ, ಎದುರಿನದು ಎಷ್ಟು ತಗ್ಗು, ನಾನು ಬಲ್ಲೆ. ಎರಡಕ್ಕೂ ರೆಕ್ಸಿನ್ ಹಾಕಿದವನು ನಾನೇ.) ಮತ್ತೊಬ್ಬರು ನಡುವೆ ಮೇಜಿಟ್ಟು, 'ನಾನು ಕೆಲಸಕ್ಕೆ ಬಾರದವನು' ಎಂಬ ಯೋಚನೆಯನ್ನೇ ಕಟಕಟೆಗೆ ಹತ್ತಿಸಿ ಸಾಕ್ಷಿ ಕೇಳಿದರು. ಕುರ್ಚಿಗಳನ್ನು ದುಂಡಗೆ ಹಾಕಿ ಎಲ್ಲರನ್ನೂ ಒಟ್ಟಿಗೆ ಮಾತಾಡಿಸುವವರೂ ಇದ್ದಾರಂತೆ. ನಮ್ಮ ದಾರಿಯೇ ಸರಿ ಎಂದು ಇವರೆಲ್ಲರಿಗೂ ಜಗಳವಂತೆ. ಆದರೆ ಬೀಗ ಹಾಕಿ ವಾಸಿ ಮಾಡುವ ದಾರಿ ಕಂಡುಹಿಡಿದವರು ಮಾತ್ರ ನೀವೊಬ್ಬರೇ ಸ್ವಾಮಿ.

ಇಷ್ಟೆಲ್ಲ ನನಗೆ ಯಾಕೆ? ನನ್ನ ಹೆಂಡತಿಯ ಅಣ್ಣ, ನಮ್ಮ ಭಾವ, ಬಸ್ ಡ್ರೈವರ್. ಸೈಕಲ್ಲಿನವನೊಬ್ಬ ತಿರುವಿನಲ್ಲಿ ಅಡ್ಡ ಬಂದು ಅವರ ಬಸ್ಸಿನಡಿ ಸತ್ತ. ವಿಚಾರಣೆ ನಡೆದು ಭಾವನ ತಪ್ಪಿಲ್ಲವೆಂದಾಯಿತು. ಆದರೆ ಅವರ ಕೈಕಾಲು ಆ ತೀರ್ಪನ್ನು ಒಪ್ಪಲಿಲ್ಲ. ಬೀದಿಯಲ್ಲಿ ಹಾರ್ನ್ ಕೇಳಿದರೆ ನಡುಗುತ್ತಿದ್ದರು. ಮಾತ್ರೆಗೆ ನಾನು ಎದುರಾಡುವುದಿಲ್ಲ, ಮಾತ್ರೆಯಿಂದ ಅವರಿಗೆ ನಿದ್ದೆ ಬಂತು. ಎದ್ದರೆ ಆ ಬಸ್ಸು ಕಣ್ಣ ಮುಂದೆ ಹಾಗೇ ನಿಂತಿರುತ್ತಿತ್ತು, ಅಷ್ಟೇ.

ಆಮೇಲೆ ಭಾವ ಮೇಡಂ ಅವರ ಕೋಣೆಗೆ ಹೋದರು. ಒಂದು ದಿನ ಮೇಡಂ ಎದುರಿನ ಖಾಲಿ ಕುರ್ಚಿ ತೋರಿಸಿ, ಸೈಕಲ್ಲಿನವನು ಇಲ್ಲಿ ಕೂತಿದ್ದಾನೆ ಅಂದುಕೊಳ್ಳಿ, ಏನು ಹೇಳುತ್ತೀರಿ ಎಂದು ಕೇಳಿದರಂತೆ. ಅದೂ ಒಂದು ಪದ್ಧತಿಯೇ. ಅಂದು ಮನೆಗೆ ಬಂದ ಭಾವ ನನ್ನೆದುರು ಹೇಳಿದರು (ಬರೆಯಲು ಅವರದೇ ಒಪ್ಪಿಗೆಯಿದೆ): "ಕ್ಷಮಿಸಪ್ಪಾ ಅನ್ನೋಣ ಅಂತ ಬಾಯಿ ತೆಗ್ದೆ ಕಣೋ. ಬಂದಿದ್ದೇನು ಗೊತ್ತಾ? 'ನನ್ನ ಬಸ್ಸೇ ಬೇಕಿತ್ತೇನೋ ನಿಂಗೆ?' ಅಂತ. ಬೈದ್ಬಿಟ್ಟೆ. ಬೈದು ಬೈದು ಆಮೇಲೆ ಅತ್ತೆ."

ನಾನು ಎಲ್ಲದಕ್ಕೂ ತಮಾಷೆ ಮಾಡುವವನು. ಅಂದು ಎದ್ದು ಅವರಿಗೊಂದು ಲೋಟ ನೀರು ತಂದುಕೊಟ್ಟೆ.

ಮುಂದೆ ಮೇಡಂ ಅವರನ್ನು ಡಿಪೋ ಗೇಟಿನ ತನಕ ನಡೆಸಿದರು. ಆಮೇಲೆ ಬಸ್ಸು ಮುಟ್ಟಿಸಿದರು. ಹಿಂದಿನ ಸೀಟಿನಲ್ಲಿ ಕೂರಿಸಿದರು. ಕೊನೆಗೆ ಡ್ರೈವರ್ ಸೀಟು, ಇಂಜಿನ್ ಬಂದ್. ಇನ್ನು ಇಂಜಿನ್ ಶುರು ಮಾಡುವುದಷ್ಟೇ ಬಾಕಿ ಅನ್ನುವಾಗ ನೀವು ಬೀಗ ಹಿಡಿದು ಬಂದಿರಿ. ಆಪರೇಷನ್ ಕೋಣೆಯಲ್ಲಿ ಹೊಟ್ಟೆ ಕೊಯ್ದು, ಹೊಲಿಯುವ ಮೊದಲೇ ದೀಪ ಆರಿಸುತ್ತೀರಾ?

ಆದ್ದರಿಂದ ಈಗ ಮೇಡಂ ಕೌಂಟರ್ ಕೆಲಸ ಮುಗಿಸಿ ಸಂಜೆ ನನ್ನ ಅಂಗಡಿಗೆ ಬರುತ್ತಾರೆ. ಫೋಮ್ ರಾಶಿಯ ಹಿಂದೆ ನಿಮ್ಮದೇ ಕುರ್ಚಿಗಳು. ಭಾವ ಬರುತ್ತಾರೆ, ನಿಮ್ಮ ಬೀಗ ನೋಡಿ ವಾಪಸಾದ ಇನ್ನೂ ಕೆಲವರು ಬರುತ್ತಾರೆ. ಒಳಗಿನ ಮಾತು ಬೀದಿಗೆ ಕೇಳಬಾರದಲ್ಲ, ನಾನು ಬಾಗಿಲಲ್ಲಿ ಕೂತು ಹೊಲಿಗೆ ಮೆಷಿನ್ ತುಳಿಯುತ್ತೇನೆ. ಬಟ್ಟೆ ಇಲ್ಲದಿದ್ದರೂ ತುಳಿಯುತ್ತೇನೆ. ಮೆಷಿನ್ ಇಲ್ಲ ಅಂದಿರಲ್ಲ, ಈಗ ಇದೆ. ಬಂದು ತಪಾಸಣೆ ಮಾಡಿ.

ಪೊಲೀಸರನ್ನು ಕಳಿಸುತ್ತೀರಾ? ಕಳಿಸಿ, ಕೂರಲು ಕುರ್ಚಿಯಿದೆ. ನಾನು ಕೇಳುವುದು ಇಷ್ಟೇ. ಕೋಣೆ ತೆರೆಯಿರಿ, ಮೇಡಂ ಅವರನ್ನು ಅವರ ಕೆಲಸಕ್ಕೆ ಹಾಕಿ. ಅದೇ ದಿನ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ತರುತ್ತೇನೆ, ಮೆತ್ತೆಯ ಸಮೇತ. ಅಲ್ಲಿಯ ತನಕ ಒಂದು ಮೊಳೆಯನ್ನೂ ಬಡಿಯುವುದಿಲ್ಲ. ಇನ್ನೂ ಬರೆಯುವುದಿತ್ತು, ಆದರೆ ಒಳಗಿನಿಂದ ಹೆಂಡತಿ ಕೂಗುತ್ತಿದ್ದಾಳೆ:

"ರೀ, ಸಾಹೇಬ್ರಿಗೆ ಬೈದಿದ್ದು ಸಾಕು, ಊಟಕ್ಕೆ ಬನ್ನಿ! ಅಣ್ಣ ಆಗ್ಲೇ ತಟ್ಟೆ ಮುಂದೆ ಕೂತಿದಾನೆ. ಇವತ್ತು ಮೇಡಂಗೆ ರಜಾ, ಡಿಪೋ ಹತ್ರ ಬರ್ತಾರಂತೆ. ಉಂಡು ಹೋಗಿ ಬಸ್ ಸ್ಟಾರ್ಟ್ ಮಾಡೇ ಮಾಡ್ತೀನಿ ಅಂತಿದಾನೆ. ಹಿಂದಿನ ಸೀಟಲ್ಲಿ ನೀವು ಕೂರ್ಬೇಕಂತೆ, ಬಾಯಿ ಮುಚ್ಕೊಂಡು!"

ಇಂತಿ,
ನಿಮ್ಮ ಆಸ್ಪತ್ರೆಯ ಕೆಲಸ ಇನ್ನು ಈ ಜನ್ಮದಲ್ಲಿ ಸಿಗದೆಂದು ಗೊತ್ತಿದ್ದೂ ಊಟಕ್ಕೆ ಎದ್ದಿರುವ
ಕುಶನ್ ಅಂಗಡಿಯವನು