ನಲ್ಲಿಯ ಬಳಿ ನಿಂತವಳು

ಆಗಸ್ಟ್ 11, ಶನಿವಾರ. ತಾವ್‌ಯುಆನ್

ಟಿವಿ ಕಾರ್ಖಾನೆಯವರು ಕೊಡುತ್ತೇವೆ ಎಂದದ್ದು: ಶುದ್ಧ ನೀರು. ಹಾಸ್ಟೆಲ್. ಕಾಯಿಲೆ ಬಿದ್ದರೆ ಆಸ್ಪತ್ರೆ.
ಇಲ್ಲ ಎಂದದ್ದು: ಬಾವಿಗೆ ವಿಷ ಸುರಿದದ್ದು. ನಮ್ಮ ಕ್ಯಾನ್ಸರ್. ಈಗ ಸುಚಿನ್‌ಳನ್ನೇ. ಆ ಹೆಸರಿನವಳು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಎಂದರು ಕಂಪನಿಯ ವಕೀಲರು.

ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು ಟಿವಿಗಳಿಗೆ ಬೆಸುಗೆ ಹಾಕಿದವಳು. ಆ ಬಾವಿಯಿಂದ ಬರುವ ಅವರ ನಲ್ಲಿಯ ನೀರು ಕುಡಿದೇ ಸತ್ತವಳು. ಮಗಳು ಪೇಲಿಂಗ್ ಕೇಸು ಹಾಕಿದ್ದಾಳೆ. ತಾಯಿ ಅಲ್ಲಿ ದುಡಿದದ್ದಕ್ಕೆ ಸಾಕ್ಷಿ ತಾ ಎನ್ನುತ್ತಾರೆ.

ಇರುವುದು ಒಂದೇ. ವಾರ್ಷಿಕೋತ್ಸವಕ್ಕೆಂದು ಕಂಪನಿಯೇ ತೆಗೆಸಿದ ವೀಡಿಯೊ. ಕಾಯಿಲೆ ಬಿದ್ದ ಕಾರ್ಮಿಕರ ಸಂಘದ ಜಿನ್‌ಹುವಾ ಅಕ್ಕ ಆ ಟೇಪನ್ನು ಡಿವಿಡಿ ಮಾಡಿಸಿದ್ದಾಳೆ. ಅದರಲ್ಲಿ ಸುಚಿನ್ ಇದ್ದಾಳೆ — ನಲ್ಲಿಯ ಬಳಿ, ಬೆನ್ನು ಮಾಡಿ. ಎದುರಿಗೆ ಕನ್ನಡಿ. ಕನ್ನಡಿಯಲ್ಲಿ ಮುಖ. ನಮ್ಮ ಮನೆಯ ಹೊಸ ಚಪ್ಪಟೆ ಟಿವಿಯಲ್ಲಿ ಅದು ಕಲಸಿದ ಹಿಟ್ಟಿನಂತಿದೆ. ಪ್ಲೇಯರ್ ಹಳೆಯದು. ಬೇರೆ ತರಬೇಕು.

ಆಗಸ್ಟ್ 14

ಚಾಂದ್ರಮಾನದ ಏಳನೇ ತಿಂಗಳು ಶುರುವಾಯಿತು. ಸತ್ತವರು ಅಲೆಯುವ ತಿಂಗಳು. ಬೆಳಿಗ್ಗೆಯೇ ಅತ್ತೆಯ ಪಾಠ: "ಯಾರನ್ನೂ ಪೂರ್ತಿ ಹೆಸರು ಹಿಡಿದು ಕೂಗ್ಬೇಡ. ಅವರಿಗೆ ಕೇಳಿಸುತ್ತೆ."

ಜಿನ್‌ಹುವಾ ಜೊತೆ ಲಾಯ್‌ನ ಟಿವಿ ಅಂಗಡಿಗೆ ಹೋದೆ. ಬೊಂಬೆ ಸಿನಿಮಾ ಹಾಕಿ ತೋರಿಸಿದ. ಯಾವ ಪ್ಲೇಯರ್‌ನಲ್ಲಾದರೂ ಬೊಂಬೆ ಚೆಂದವೇ. ನಮ್ಮ ಡಿಸ್ಕ್ ಹಾಕು ಎಂದೆ.

ದುಬಾರಿಯದರಲ್ಲಿ ಹಾಡುವ ಮೈಕು, ಬಣ್ಣದ ದೀಪ. ಮುಖ ಮಾತ್ರ ಹಿಟ್ಟೇ. ಎರಡನೆಯದರ ಡಬ್ಬದ ಮೇಲೆ 'ಅಪ್‌ಕನ್ವರ್ಟಿಂಗ್' ಎಂದು ದೊಡ್ಡದಾಗಿ ಬರೆದಿದೆ, ಮಸುಕು ಚಿತ್ರವನ್ನು ಮೇಲೇರಿಸಿ ಚೊಕ್ಕ ಮಾಡುತ್ತದಂತೆ. ಹಿಂದೆ ನೋಡಿದರೆ ಹೊಸ ಟಿವಿಯ ಕೇಬಲ್ ಸಿಕ್ಕಿಸುವ ಎಚ್‌ಡಿಎಂಐ ತೂತೇ ಇಲ್ಲ. ಹಳೆಯ ಮೂರು ಬಣ್ಣದ ವೈರಿನಲ್ಲಿ ಏನು ಮೇಲೇರುತ್ತದೆ? ಮೂರನೆಯದು ಹೆಸರಿಲ್ಲದ ತಗಡಿನ ಪೆಟ್ಟಿಗೆ, ಎಲ್ಲಕ್ಕಿಂತ ಅಗ್ಗ. ಹಾಕಿದ. ಕನ್ನಡಿಯಲ್ಲಿ ಮೂಗು ಮೂಡಿತು.

"ಡಿಸ್ಕ್‌ನಲ್ಲಿ ಇಲ್ದಿರೋ ಗೆರೇನ ಇದೇ ತುಂಬುತ್ತೆ, ಅಕ್ಕಾ."
"ಇಲ್ದಿರೋದನ್ನ ಎಲ್ಲಿಂದ ತರುತ್ತೆ?"
"ಅಕ್ಕಪಕ್ಕದ್ದು ನೋಡಿ ಊಹೆ ಮಾಡುತ್ತೆ."
"ನಮ್ಮ ವಕೀಲನಿಗಿಂತ ವಾಸಿ," ಅಂದಳು ಜಿನ್‌ಹುವಾ.

ಕೇಬಲ್‌ಗೆ ಬೇರೆ ದುಡ್ಡಂತೆ. "ಹಗ್ಗ ಬಿಟ್ಟು ಎಮ್ಮೆ ಮಾರ್ತೀಯೇನೋ?" ಅಂತ ಜಿನ್‌ಹುವಾ ಕೌಂಟರಿನ ಮೇಲೇ ಕೂತಳು. ಕೇಬಲ್ ಸೇರಿಸಿ ಕೊಟ್ಟ.

ಆಗಸ್ಟ್ 19, ಭಾನುವಾರ. ಮಧ್ಯಾಹ್ನ

ಆದದ್ದು ಆದಂತೆ ಬರೆಯುತ್ತೇನೆ.

ಸಂಘದವರು ಬಂದರು, ಪೇಲಿಂಗ್ ಬಂದಳು. ಗೆಣಸಿನ ಗಂಜಿ, ಕಳಲೆ. ಡಿಸ್ಕ್ ಹಾಕಿದೆ. ಕನ್ನಡಿಯಲ್ಲಿ ಕಣ್ಣು, ಮೂಗು ಇವೆ, ಆದರೆ ನಲ್ಲಿಯ ಕೊಳವೆ ಗಲ್ಲವನ್ನು ಮುಚ್ಚಿದೆ. ಪೇಲಿಂಗ್ ಪರದೆಗೆ ಮುಖ ತಾಗಿಸಿದಳು. "ಅಮ್ಮನಾ ಇದು? ನಂಗೆ ನೆನಪೇ ಇಲ್ಲ ಚಿಕ್ಕಮ್ಮಾ. ಅಮ್ಮ ಹೋದಾಗ ಮೂರು ವರ್ಷದವಳಿದ್ದೆ."

"ಸಭೆ ಶುರು ಮಾಡೋಣ," ಎಂದು ಜಿನ್‌ಹುವಾ ಎದ್ದು ನಿಂತಳು. ನಮ್ಮ ಸಭೆ ಶುರುವಾಗುವುದು ಹಾಜರಿಯಿಂದ. ಸತ್ತವರ ಹೆಸರನ್ನೂ ಕೂಗುತ್ತೇವೆ, ಉಳಿದವರೆಲ್ಲ ಸೇರಿ ಉತ್ತರಿಸುತ್ತೇವೆ. ಕಾರ್ಖಾನೆ ಗೇಟಿನಲ್ಲಿ, ಮಂತ್ರಿಯ ಮನೆ ಮುಂದೆ, ಇಷ್ಟು ವರ್ಷ ಹಾಗೇ. ಯಾವ ತಿಂಗಳೆಂಬುದು ಯಾರಿಗೂ ಹೊಳೆಯಲಿಲ್ಲ.

"ಚೆನ್ ಸುಚಿನ್."
"ಇದ್ದಾಳೆ," ಎಂದೆವು.

ಟಿವಿಯಲ್ಲಿ ಅವಳು ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು. ತಿರುಗಿದಳು.

ಅತ್ತೆಯ ಬಟ್ಟಲು ಬಿತ್ತು. ಪೇಲಿಂಗ್ ಅಲುಗಲಿಲ್ಲ. ಅದೇ ಗಲ್ಲ, ಅದೇ ಹುಬ್ಬು — ಮಗಳು ಇತ್ತ, ತಾಯಿ ಅತ್ತ.

ಆಗಸ್ಟ್ 20

ಹಳೆಯ ಪ್ಲೇಯರ್‌ನಲ್ಲಿ ಅದೇ ಡಿಸ್ಕ್ ಹಾಕಿದೆ. ಬೆನ್ನು. ಹೊಸದರಲ್ಲಿ ಹಾಕಿದೆ. ಮುಖ — ಈಗ ಯಾರೂ ಕರೆಯುವ ಮೊದಲೇ.

ಲಾಯ್‌ಗೆ ಫೋನ್ ಮಾಡಿದೆ. "ಊಹೆ ಮಾಡುತ್ತೆ ಅಂದಿದ್ನಲ್ಲ ಅಕ್ಕಾ."
"ನಿಂತವರನ್ನ ತಿರುಗಿಸುತ್ತೇನೋ?"
"ವಾಪಸ್ ತಗೋತೀನಿ, ತಂದ್ಬಿಡಿ." ಮೊದಲ ಸಲ ವ್ಯಾಪಾರಿಯೊಬ್ಬ ತಾನಾಗಿ ಹಾಗೆ ಅಂದದ್ದು ಕೇಳಿದೆ. ಕೊಡುವುದಿಲ್ಲ ಎಂದೆ.

ಭಿಕ್ಷುವನ್ನು ಕರೆಸಿ ಮಂತ್ರ ಹೇಳಿಸಿ ಕಳಿಸಿಬಿಡು ಎನ್ನುತ್ತಾರೆ ಅತ್ತೆ. ಎಲ್ಲಿಗೆ ಕಳಿಸುವುದು? ಒಮ್ಮೆ ಕಂಪನಿಯವರು ಕಳಿಸಿದ್ದು ಸಾಲದೇ?

ಆಗಸ್ಟ್ 22, ಬುಧವಾರ. ಸಂಜೆ

ನಾಳೆ ವಿಚಾರಣೆ. ಅಲ್ಲಿ ತಮ್ಮದೇ ಪ್ಲೇಯರ್ ಇದೆ ಎಂದಿದ್ದಾರೆ ಕೋರ್ಟಿನವರು. ಬೇಡ, ನಮ್ಮದನ್ನು ನಾವೇ ಹೊತ್ತು ತರುತ್ತೇವೆ ಎಂದು ಜಿನ್‌ಹುವಾ ಒಪ್ಪಿಸಿದಳು. ಅದನ್ನು ಹಾಕಿ, ಕಂಪನಿಯ ವಕೀಲರ ಎದುರಿಗೆ ಹಾಜರಿ ಕೂಗುತ್ತೇವೆ. ಒಬ್ಬಳದಲ್ಲ, ಎಲ್ಲರದು. ಆ ವೀಡಿಯೊದಲ್ಲಿ ಬೆನ್ನು ಮಾಡಿದವರು ಬೇಕಾದಷ್ಟು ಜನ ಇದ್ದಾರೆ.

ಕಟ್ಟಿಡುವ ಮೊದಲು ಒಮ್ಮೆ ನೋಡೋಣ ಎಂದು ಹಾಕಿದೆ.

ನಲ್ಲಿ ಇದೆ. ಕನ್ನಡಿ ಇದೆ. ಅವಳಿಲ್ಲ.

ಅತ್ತೆ ಗುಡಿಗೆ ಹೋಗಿದ್ದಾರೆ. ಮನೆಯಲ್ಲಿ ನಾನೊಬ್ಬಳೇ. ಅಡುಗೆಮನೆಯ ನಲ್ಲಿಯಿಂದ ನೀರು ಬೀಳುವ ಸದ್ದು. ಆ ವಾಸನೆ — ಹಾಸ್ಟೆಲ್ ನೀರಿನದೇ, ಸಿಹಿ ಸಿಹಿ, ಗಂಟಲಲ್ಲಿ ನಿಲ್ಲುವಂಥದು. ನಲ್ಲಿ ನಿಂತಿತು. ಕೈ ಒರೆಸಿಕೊಳ್ಳುತ್ತಿದ್ದಾಳೆ.

ತಿರುಗಿ ನೋಡಿಲ್ಲ. ಬರೆಯುತ್ತಲೇ ಗಟ್ಟಿಯಾಗಿ ಹೇಳಿದೆ: ಚೆನ್ ಸುಚಿನ್, ನಾಳೆ ಗುರುವಾರ, ಬೆಳಿಗ್ಗೆ ಒಂಬತ್ತೂವರೆ, ಕೋರ್ಟಿನ ಮೂರನೇ ಮಹಡಿ. ನಿನ್ನ ಮಗಳೂ ಬರ್ತಾಳೆ. ಅಲ್ಲೂ ಹೆಸರು ಕೂಗ್ತೀವಿ, ತಿರುಗು. ನೀನು —