ಲೂಪರಿನೊಳಗೆ ಉಳಿದ ದನಿ

ಮೈಲಾಪೂರ್
ಬುಧವಾರ, 11 ಆಗಸ್ಟ್ 2004

ಪ್ರೀತಿಯ ಜ್ಯೋತಿ,

ಬಾಗಿಲು ಹಾಕಿಕೊಂಡು ಕೂತು ಓದು. ನಿಮ್ಮ ಮನೆಯ ಫೋನಿನ ಪಕ್ಕ ಸದಾ ನಿಮ್ಮಮ್ಮ ಇರುತ್ತಾರೆ, ಅದಕ್ಕೇ ಇದನ್ನು ನೋಟ್ಸ್ ಪುಸ್ತಕದೊಳಗಿಟ್ಟು ನನ್ನ ತಂಗಿ ವೃಂದಾಳ ಕೈಲಿ ಕಳಿಸುತ್ತಿದ್ದೇನೆ. ನನ್ನಿಂದ ದೊಡ್ಡ ತಪ್ಪಾಗಿದೆ.

ನಾನು ಕಂಪ್ಯೂಟರಿನಲ್ಲಿ ಲೂಪರ್ ಎಂಬ ಪ್ರೋಗ್ರಾಂ ಕಟ್ಟುತ್ತಿದ್ದದ್ದು ನಿನಗೆ ಗೊತ್ತಲ್ಲ. ಪೆಡಲ್ ಒತ್ತಿ ನಾಲ್ಕು ಆವರ್ತ ಪಿಟೀಲು ನುಡಿಸಿ, ಇನ್ನೊಮ್ಮೆ ಒತ್ತಿ ರೆಕಾರ್ಡಿಂಗ್ ನಿಲ್ಲಿಸಿದರೆ ಅದು ಮತ್ತೆ ಮತ್ತೆ ಕೇಳಿಸುತ್ತಿರುತ್ತದೆ. ಅದರ ಮೇಲೆ ಬೇರೆ ನುಡಿಸಬಹುದು. "ಇನ್ನು ನಿನಗೆ ಪಕ್ಕವಾದ್ಯದವರೂ ಬೇಡ, ಸ್ನೇಹಿತೆಯರೂ ಬೇಡ" ಎಂದು ನೀನು ಛೇಡಿಸಿದ್ದೆ. ಕಳೆದ ವಾರ ಅದನ್ನು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಉಚಿತವಾಗಿ ಹಂಚಿದೆ. ತೆರೆದ ಕೂಡಲೇ ಕೇಳಲೆಂದು ನನ್ನ ಪಿಟೀಲಿನ ತುಣುಕೊಂದನ್ನು ಅದರೊಳಗೇ ಇಟ್ಟೆ. ಇಟ್ಟದ್ದನ್ನು ಕೊನೆಯವರೆಗೆ ಕೇಳಿ ನೋಡಲಿಲ್ಲ. ನನ್ನ ಕೆಲಸದಲ್ಲಿ ತಪ್ಪಿರುತ್ತದೆಯೇ ಎಂಬ ಸೊಕ್ಕು.

ನಿನ್ನೆ ಫಿನ್ಲೆಂಡಿನ ಯಾರೋ ಒಬ್ಬ ಈಮೇಲ್ ಬರೆದಿದ್ದಾನೆ. ಲೂಪರ್ ಚೆನ್ನಾಗಿದೆಯಂತೆ, ಪಿಟೀಲು ನಿಂತ ಮೇಲೆ ಮಾತಾಡುವ ಹುಡುಗಿ ಯಾರು ಎಂದು ಕೇಳಿದ್ದಾನೆ. ತೆರೆದು ಕೇಳಿದೆ. ಅದು ನೀನು. ಆ ಭಾನುವಾರ ನೀನು ನನ್ನ ಕೋಣೆಗೆ ಬಂದಾಗ ನಾನು ಎರಡನೆಯ ಸಲ ಪೆಡಲ್ ಒತ್ತದೆಯೇ ಎದ್ದಿದ್ದೆ. ಅರುಳ್ ಜೊತೆ ರಿಜಿಸ್ಟರ್ ಮದುವೆಗೆ ನೋಟಿಸ್ ಕೊಟ್ಟದ್ದು, ನೋಟಿಸಿನ ಅವಧಿ ಮುಗಿಯುವ ಈ ತಿಂಗಳ ಇಪ್ಪತ್ತಾರರೊಳಗೆ ಮನೆಯಲ್ಲಿ ತಿಳಿದರೆ ನಿನ್ನನ್ನು ಹುಬ್ಬಳ್ಳಿಗೆ ಸಾಗಿಸಿಬಿಡುತ್ತಾರೆಂದು ನೀನು ಅತ್ತದ್ದು, ಎಲ್ಲ ಇದೆ. ಮುಗಿದು ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ತಕ್ಷಣ ತೆಗೆದುಹಾಕಿದೆ. ಅಷ್ಟರಲ್ಲಿ ನಲವತ್ತೊಂದು ಜನ ಇಳಿಸಿಕೊಂಡಿದ್ದರು. ಅವರ್ಯಾರಿಗೂ ಕನ್ನಡ ಬರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆಮೇಲೆ ನೆನಪಾಯಿತು. ಇನ್ನೊಂದು ಪ್ರತಿಯನ್ನು ನಾನೇ ಸಿಡಿಗೆ ಹಾಕಿ ನಿನ್ನ ಅಣ್ಣ ವಿಶ್ವಾರಾಧ್ಯರಿಗೆ ಕೊಟ್ಟಿದ್ದೇನೆ.

ಶನಿವಾರ ಟಿ. ನಗರದ ಕಾರ್ಯಕ್ರಮದಲ್ಲಿ ವಿಶ್ವಾರಾಧ್ಯ ಅಣ್ಣ ಕೀಬೋರ್ಡಿನ ಜೊತೆ ಅದನ್ನೇ ಬಳಸುತ್ತಾರಂತೆ. ಅವರ ಬಾಯಿಂದ ಭೇಷ್ ಅನ್ನಿಸಿಕೊಳ್ಳುವ ಆಸೆಗೆ ನಾನೇ ನಿಮ್ಮ ಅಂಗಡಿಗೆ ಹೋಗಿ ಕೊಟ್ಟು ಬಂದೆ, ನಿನಗೆ ಹೇಳಲಿಲ್ಲ. ಅರುಳ್ ಆ ಅಂಗಡಿಯ ಮುಂದೆ ಎರಡು ಸಲ ನಿಂತದ್ದಕ್ಕೇ ಅವನ ಕಾಲರ್ ಹಿಡಿದವರು ಅವರು. ಇದನ್ನು ಕೇಳಿದರೆ ಏನು ಮಾಡಿಯಾರೋ.

ಸಿಡಿ ಅವರ ಮೇಜಿನ ಮೇಲಿದ್ದರೆ ತೆಗೆದು ಬಚ್ಚಿಡು. ಮೇಲೆ ಹಸಿರು ಶಾಯಿಯಲ್ಲಿ ನನ್ನ ಹೆಸರಿದೆ. ಕಂಪ್ಯೂಟರಿಗೆ ಹಾಕಿಯಾಗಿದ್ದರೆ ಏನು ಮಾಡಬೇಕೋ ನನಗೆ ತಿಳಿಯುತ್ತಿಲ್ಲ. ತುಂಬಾ ಭಯವಾಗುತ್ತಿದೆ, ಜ್ಯೋತಿ. ಎಷ್ಟು ಬೇಕಾದರೂ ಬೈ, ಮಾತು ಮಾತ್ರ ಬಿಡಬೇಡ.

ನಿನ್ನ ನಂಬಿಕೆ ಕೆಡಿಸಿದ,
ಶ್ರೀವಿದ್ಯಾ

ತಾ.ಕ.: ಇದನ್ನು ಮಡಿಸುವಷ್ಟರಲ್ಲಿ ನಿನ್ನ ಅಣ್ಣನ ಫೋನ್ ಬಂತು. ಸಿಡಿಯನ್ನು ಸೋಮವಾರವೇ ಪೂರ್ತಿ ಕೇಳಿದ್ದರಂತೆ. "ಆಕಿ ಅಷ್ಟು ಯಾರಿಗೆ ಅಂಜಾಕತ್ತಾಳ, ಶ್ರೀವಿದ್ಯಾ? ಅಪ್ಪಗೋ, ನನಗೋ?" ಎಂದರು. ನಿಮಗೇ ಎಂದುಬಿಟ್ಟೆ. ಸಿಡಿ ಮುರಿದುಹಾಕಿದ್ದಾರಂತೆ. ಫೋನ್ ಇಡುವ ಮೊದಲು ಇಷ್ಟು ಹೇಳಿದರು: "ಆಕೀನ ಬಂದು ನನ್ನ ಮುಂದ ಹೇಳ್ಲಿ. ಅಲ್ಲೀತನಕ ನಾ ಏನೂ ಕೇಳಿಲ್ಲ."