ಹೆಸರಿನ ಮುಂದಿನ ಅಂಕಿ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 8

ಇನ್ನೂರ ಹದಿನಾಲ್ಕು ಸೀಸೆ. ಅರ್ಧ ಮುಗಿಯಿತು. ಹಳೆಯ ಸೀಸೆ ತಟ್ಟುವುದು, ಸಂಶೋಧನೆಗೆ ಸಾಕಿದ ಹಣ್ಣಿನ ನೊಣಗಳನ್ನು ಹೊಸದಕ್ಕೆ ದಾಟಿಸುವುದು, ಬಾಯಿಗೆ ಹತ್ತಿ ತುರುಕುವುದು. ಎರಡು ವಾರಕ್ಕೊಮ್ಮೆ, ತಪ್ಪದೆ. ತಪ್ಪಿದರೆ ತಳಿ ಸಾಯುತ್ತದೆ, ಅದರ ಜೊತೆ ನನ್ನ ಪಿಎಚ್.ಡಿ.ಯೂ. ಕೋಣೆ ತುಂಬ ಜೋಳದ ಹಿಟ್ಟು, ಕಾಕಂಬಿ, ಯೀಸ್ಟ್ ವಾಸನೆ. ಮೈಗೂ ಹತ್ತಿದೆ. ಬಸ್ಸಿನಲ್ಲಿ ಜನ ತಿರುಗಿ ನೋಡುತ್ತಾರೆ.

ಡೆಸ್ಮಂಡ್ ಬಂದು ಪಟ್ಟಿ ಕೊಟ್ಟ. ಚರಿತ್ರೆ ವಿಭಾಗದವನು, ಏಳನೇ ವರ್ಷ. ಪ್ರಬಂಧ ಮುಗಿಯದಿದ್ದರೂ ಸರಿ, ಯೂನಿಯನ್ ಕಟ್ಟಿಯೇ ಸೈ ಎನ್ನುವವನು. ನಮ್ಮ ಕಟ್ಟಡದಲ್ಲಿ ನಲವತ್ತಾರು ಸಂಶೋಧನಾ ವಿದ್ಯಾರ್ಥಿಗಳು. ಪಾಠ ಮಾಡುವವರು, ಪೇಪರ್ ತಿದ್ದುವವರು, ಲ್ಯಾಬ್ ನಡೆಸುವವರು ನಾವೇ. ವಿಶ್ವವಿದ್ಯಾಲಯದ ಪ್ರಕಾರ ಮಾತ್ರ ನಾವು ಕೆಲಸಗಾರರಲ್ಲ. ಬಾಡಿಗೆ ಪ್ರತಿವರ್ಷ ಏರುತ್ತದೆ, ಸಂಬಳ ನಾಲ್ಕು ವರ್ಷದಿಂದ ಅಲ್ಲೇ ಕೂತಿದೆ.

ಒಬ್ಬೊಬ್ಬರನ್ನೂ ಕೂರಿಸಿ ಮಾತಾಡಿಸಬೇಕು, ಯೂನಿಯನ್ ಕಾರ್ಡಿಗೆ ಸಹಿ ಕೇಳಬೇಕು, ಆಮೇಲೆ ಹೆಸರಿನ ಮುಂದೆ ಅಂಕಿ ಬರೆಯಬೇಕು. ಒಂದು — ತಾನೂ ಬಂದು ಇನ್ನೂ ನಾಲ್ವರನ್ನು ತರುವವರು. ಎರಡು — ಬರುವವರು. ಮೂರು — ಅಡ್ಡಗೋಡೆಯ ಮೇಲಿನ ದೀಪ. ನಾಲ್ಕು — ಬರದವರು. ಐದು — ನೇರ ಪ್ರೊಫೆಸರ್ ಕಿವಿಯಲ್ಲಿ ಊದುವವರು.

"ಜನ ಅಂದ್ರೆ ಬರೀ ಅಂಕಿನಾ?" ಎಂದೆ.

"ಇಡೀ ದಿನ ನೊಣ ಎಣಿಸೋಳು ನೀನು. ನೀನು ಕೇಳೋ ಮಾತಾ ಇದು, ಮಾರ್ನಿ?"

ಅದೂ ಸರಿ. ಅಂಕಿ ನನಗೆ ಇಷ್ಟ.

ಫೆಬ್ರವರಿ 6

ಹದಿನೆಂಟು ಜನರ ಜೊತೆ ಮಾತಾಯಿತು. ಒಂಬತ್ತು ಸಹಿ. ಪಟ್ಟಿಯಲ್ಲಿ ಅಂಕಿಗಳನ್ನು ಪೆನ್ನಿನಲ್ಲಿ ನೀಟಾಗಿ ಬರೆದೆ.

ನಸೀಬಾ — 4.

ಪಕ್ಕದ ಮೇಜಿನವಳು. ತಾಷ್ಕೆಂಟಿನಿಂದ ಬಂದವಳು. ನಾಲ್ಕು ವರ್ಷದಿಂದ ಒಂದೇ ಕೋಣೆಯ ಗಾಳಿ ಕುಡಿದಿದ್ದೇವೆ. ವೀಸಾದ ಮೇಲೆ ಇದ್ದಾಳೆ. ಗಂಡ ಇಲ್ಲಿ ಕೆಲಸಕ್ಕೆ ಹೋಗುವ ಹಾಗಿಲ್ಲ. ಐದು ವರ್ಷದ ಮಗಳು. ಇಂಥವಳು ಸಹಿ ಹಾಕುತ್ತಾಳೆಯೇ? ಕೇಳಲಿಲ್ಲ. ಕೇಳಿ ಇಕ್ಕಟ್ಟಿಗೆ ಸಿಕ್ಕಿಸುವುದು ಯಾಕೆ... ಉಪಕಾರವನ್ನೇ ಮಾಡಿದೆ ಅಂದುಕೊಂಡೆ.

ಫೆಬ್ರವರಿ 19

ಮಧ್ಯಾಹ್ನ ಮೀಟಿಂಗ್. ನಸೀಬಾ ತಾನಾಗಿಯೇ, "ನೀನು ಹೋಗು, ನಿನ್ನ ಸೀಸೆ ನಾನು ದಾಟಿಸ್ತೀನಿ" ಎಂದಳು. ಏನು ಮೀಟಿಂಗ್ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ನಾಲ್ಕರವರ ಮೇಲೆ ಹೊತ್ತು ಕಳೆಯಬೇಡ — ಡೆಸ್ಮಂಡ್‌ನ ನಿಯಮ.

ನಮ್ಮ ಗೈಡ್ ಹಾಲ್ವರ್ಸನ್‌ಗೆ ಸುದ್ದಿ ಮುಟ್ಟಿದೆ. ಲ್ಯಾಬಿಗೆ ಬಂದು ಕಾಫಿ ಲೋಟ ಹಿಡಿದು ನಿಂತರು. ಒಳ್ಳೆಯ ಮನುಷ್ಯ. ಉಪದೇಶ ಮಾತ್ರ ತಡೆಯುವುದಿಲ್ಲ.

"ನಾನೂ ನಿಮ್ಮ ಹಾಗೇ ಇದ್ದೆ. ಬ್ರೆಡ್ಡು, ಬೀನ್ಸು ತಿಂದ್ಕೊಂಡೇ ಪಿಎಚ್.ಡಿ. ಮಾಡ್ದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ನೋಡಿ."

ನಸೀಬಾ ಮೈಕ್ರೋಸ್ಕೋಪಿನಿಂದ ತಲೆ ಎತ್ತದೆಯೇ, "ಹಾಸಿಗೆ ಎಲ್ಲಿಟ್ಟಿದೀರಿ ಅಂತ ಹೇಳಿ ಸಾರ್, ಚಾಚ್ತೀವಿ" ಎಂದಳು.

ಅವರು ನಕ್ಕರು. ನಾನೂ ನಕ್ಕೆ. ತಮಾಷೆ ಎಂದು ಬಿಟ್ಟೆ.

ಮಾರ್ಚ್ 4. ಸಂಜೆ 5

ಪಟ್ಟಿಯ ಪ್ರಿಂಟ್ ತೆಗೆದಿದ್ದೆ. ಲ್ಯಾಬಿನ ಪ್ರಿಂಟರಿನಲ್ಲಿ. ತೆಗೆದುಕೊಳ್ಳಲು ಮರೆತೆ.

ನಸೀಬಾ ಹಾಳೆ ತಂದು ನನ್ನ ಮೇಜಿನ ಮೇಲಿಟ್ಟಳು.

"ನನ್ನ ಹೆಸರಿನ ಮುಂದೆ ನಾಲ್ಕು ಅಂತಿದೆ. ಎಷ್ಟಕ್ಕೆ ನಾಲ್ಕು? ಹತ್ತಕ್ಕಾ?"

ವಿವರಿಸಿದೆ. ಬೇರೆ ದಾರಿ ಇರಲಿಲ್ಲ.

"ಬರಲ್ಲ ಅಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ."

"ನನ್ನನ್ನ ಯಾವತ್ತು ಕೇಳ್ದೆ?"

ಹಾಳೆ ಮಡಚಿದೆ.

"ಹೋದ ಸೆಮಿಸ್ಟರ್ ನಿನ್ನ ಕ್ಲಾಸಲ್ಲಿ ಒಬ್ಬಳು ನೊಣ ಎಣಿಸದೇನೇ ಲೆಕ್ಕ ಬರ್ಕೊಂಡು ಬಂದಿದ್ಲಲ್ಲ. ಏನು ಕೊಟ್ಟೆ ಅವಳಿಗೆ?"

"ಸೊನ್ನೆ."

"ಹೂಂ" ಎಂದಳು.

ಆಮೇಲೆ ಡ್ರಾಯರಿನಿಂದ ಒಂದು ಫೈಲ್ ತೆಗೆದಳು. ಮೂರು ಪತ್ರಗಳು, ಸುರಕ್ಷತಾ ಕಚೇರಿಗೆ. ನೊಣಗಳನ್ನು ಮಲಗಿಸುವ ಗ್ಯಾಸಿನ ಪೈಪು ಸೋರುತ್ತಿದೆ, ಕೋಣೆಯ ಫ್ಯಾನು ತಿರುಗುತ್ತಿಲ್ಲ, ಎಲ್ಲರಿಗೂ ತಲೆನೋವು. ನವೆಂಬರಿನಲ್ಲಿ ಅವಳು ಇಲ್ಲೇ ಕುಸಿದು ಬಿದ್ದಿದ್ದಳು. ಊಟ ಬಿಟ್ಟಿರಬೇಕು ಅಂದುಕೊಂಡು ನಾನು ಬಾಳೆಹಣ್ಣು ತಂದುಕೊಟ್ಟಿದ್ದೆ. ಮೂರೂ ಪತ್ರದ ಕೆಳಗೆ ಅವಳೊಬ್ಬಳದೇ ಹೆಸರು, ಅವಳದೇ ಸಹಿ. ನಮ್ಮ ಯೂನಿಯನ್ನಿನ ಮಾತು ಹುಟ್ಟುವ ಮೊದಲಿನವು.

"ಹೆದರಿಕೆ ಆಗ್ಲಿಲ್ವಾ? ವೀಸಾ..."

"ಆಯ್ತು. ಈಗ್ಲೂ ಇದೆ. ಆದ್ರೆ ಗಾಳಿ ನೀನೂ ಕುಡೀತಿದ್ದೆ ತಾನೇ?"

ನಾಚಿಕೆಯಾಯಿತು. ಸುತ್ತಿ ಬಳಸಿ ಬರೆಯುವುದಕ್ಕೆ ಏನೂ ಇಲ್ಲ. ನಾಚಿಕೆಯಾಯಿತು.

ಮಾರ್ಚ್ 5

ಅವಳ ಮೇಜಿನ ಮೇಲೆ ಕಾರ್ಡ್ ಇಟ್ಟೆ. ಹತ್ತು ನಿಮಿಷದಲ್ಲಿ ನನ್ನ ಮೇಜಿಗೆ ವಾಪಸ್ ಬಂತು, ಖಾಲಿ.

"ಡೆಸ್ಮಂಡ್ ಹತ್ರ ಹೋಗಿ ಸಹಿ ಹಾಕಿ ಬಂದೆ. ನಿನ್ನ ಕೈಗೆ ಕೊಡಲ್ಲ."

ಸೀಸೆ ದಾಟಿಸಿದೆ. ಲೆಕ್ಕ ಎರಡು ಸಲ ತಪ್ಪಿತು.

ಏಪ್ರಿಲ್ 24

ಯೂನಿಯನ್ ಬೇಕೇ ಬೇಡವೇ ಎಂಬ ಚುನಾವಣೆ ಗೆದ್ದೆವು. ಯೂನಿಯನ್ ಆಯಿತು. ನಮ್ಮ ಕಟ್ಟಡದಲ್ಲಿ ನಲವತ್ತಾರಕ್ಕೆ ನಲವತ್ತೊಂದು ಮತ. ಅದರಲ್ಲಿ ಹನ್ನೊಂದು ಜನ ನಸೀಬಾ ಕರೆತಂದವರು. ಕುಟುಂಬದ ಕ್ವಾರ್ಟರ್ಸಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಒಬ್ಬೊಬ್ಬರನ್ನೂ ಹಿಡಿದು ಮಾತಾಡಿಸಿದ್ದಳಂತೆ. ವೀಸಾದವರು ಬರುವುದಿಲ್ಲ ಎಂದು ನಾವು ಆ ಕಡೆ ಕಾಲೇ ಇಟ್ಟಿರಲಿಲ್ಲ.

ದೊಡ್ಡ ಪಾತ್ರೆಯಲ್ಲಿ ಪಲಾವ್ ತಂದಿದ್ದಳು. ಕುರಿಮಾಂಸ, ಕ್ಯಾರೆಟ್. ಎಲ್ಲರಿಗೂ ಬಡಿಸಿದಳು. ನನಗೂ. "ಸಾಕಾ?" ಎಂದಳು. ಒಂದೂವರೆ ತಿಂಗಳಲ್ಲಿ ಕೆಲಸದ ಆಚೆಗೆ ಆಡಿದ ಮೊದಲ ಮಾತು.

ಅಕ್ಟೋಬರ್ 14

ಬರೆದು ಆರು ತಿಂಗಳಾಯಿತು. ಹನ್ನೆರಡು ಸುತ್ತು ಮಾತುಕತೆ. ಸಂಬಳದ ಮಾತೆತ್ತಿದರೆ ವಿಶ್ವವಿದ್ಯಾಲಯದ ವಕೀಲ ಗಡಿಯಾರ ನೋಡುತ್ತಾನೆ. ಗ್ಯಾಸ್ ಪೈಪಿಗೆ ಟೇಪ್ ಸುತ್ತಿದ್ದಾರೆ. ಅಷ್ಟೇ.

ಇನ್ನು ಮುಷ್ಕರ. ಬಂದರೆ ಪೂರ್ತಿ ಬರಬೇಕು — ಪಾಠ ಇಲ್ಲ, ಲ್ಯಾಬ್ ಇಲ್ಲ, ಯಾರಿಗೂ ವಿನಾಯಿತಿ ಇಲ್ಲ. ನಾನೇ ಸಭೆಯಲ್ಲಿ ಕೈ ಎತ್ತಿದ ನಿರ್ಣಯ. ಯೂನಿಯನ್ ಪರವಾಗಿ ಕಟ್ಟಡದ ಉಸ್ತುವಾರಿ ಈಗ ನಸೀಬಾಳದು. ಪಟ್ಟಿಯೂ.

ಮೆಟ್ಟಿಲಲ್ಲಿ ಡೆಸ್ಮಂಡ್ ಸಿಕ್ಕ. "ನಿನ್ನ ನೊಣಗಳ ಕಥೆ ಏನೇ?" ಎಂದ.

"ಅವೂ ಮುಷ್ಕರ ಮಾಡ್ತವೆ."

ಇಬ್ಬರೂ ನಕ್ಕೆವು. ಅವನು ನಿಜವಾದ ಉತ್ತರಕ್ಕೆ ಕಾಯಲಿಲ್ಲ.

ಅಕ್ಟೋಬರ್ 16

ಅವಳ ಮೇಜಿನ ಮೇಲೆ ಪಟ್ಟಿ. ಮುಚ್ಚಿಟ್ಟಿರಲಿಲ್ಲ. ನೋಡಿದೆ.

ಮಾರ್ನಿ — 3.

ಪಕ್ಕದಲ್ಲಿ ಸಣ್ಣಕ್ಷರದಲ್ಲಿ: ಕೇಳಬೇಕು.

ಮೊದಲು ಸಿಟ್ಟು ಬಂತು. ಈ ಕಟ್ಟಡದಲ್ಲಿ ಮೊದಲ ಕಾರ್ಡು ನನ್ನದು. ಹದಿನೆಂಟು ಮೀಟಿಂಗ್. ನನಗೆ ಮೂರೇ?

ಸೀಸೆಗಳ ಮುಂದೆ ಕೂತು ಲೆಕ್ಕ ಹಾಕಿದೆ. ಮುಷ್ಕರ ಮೂರು ವಾರ ಎಳೆದರೆ ಅರ್ಧ ತಳಿ ಹೋಗುತ್ತದೆ. ಐದು ವಾರಕ್ಕೆ ಎಲ್ಲವೂ. ಈ ತಳಿ ಬೇರೆ ಎಲ್ಲೂ ಇಲ್ಲ. ಇವನ್ನು ಬಿಟ್ಟು ಬರುತ್ತೇನೆ ಎಂದು ಯಾರಿಗಾದರೂ ಹೇಳಿದ್ದೇನೆಯೇ? ಇಲ್ಲ. ಯಾರೂ ಕೇಳಿಲ್ಲ. ಎಲ್ಲರ ತಲೆಯಲ್ಲೂ ನಾನು ಒಂದು. ಲ್ಯಾಬಿನ ಕೀಲಿಕೈಯ ನಕಲು ಮಾಡಿಸಿಕೊಂಡು ಬೆಳಗಿನ ಜಾವ ಕಳ್ಳಬೆಕ್ಕಿನಂತೆ ಬಂದು ಹೋದರಾಯಿತು ಎಂದು ಎರಡು ಸಲ ಯೋಚಿಸಿದ್ದೂ ಉಂಟು.

ಮೂರು ಸರಿಯಾಗಿದೆ.

ಅಕ್ಟೋಬರ್ 17, ಶುಕ್ರವಾರ. ಬೆಳಿಗ್ಗೆ 9.40

ನಸೀಬಾ ಬಂದಳು. ಕೈಯಲ್ಲಿ ಎರಡು ಬಟ್ಟಲು ಹಸಿರು ಚಹಾ. ನೊಣ ಮಲಗಿಸುವ ಗ್ಯಾಸ್ ಬಂದ್ ಮಾಡಿ, ಸ್ಟೂಲ್ ಎಳೆದು ಎದುರಿಗೆ ಕೂತಳು.

"ಕೇಳ್ಲಾ?"

"ಕೇಳು."

"ಸೋಮವಾರದಿಂದ ಮುಷ್ಕರ. ಇವನ್ನೆಲ್ಲ ಬಿಟ್ಟು ಬರ್ತೀಯಾ?"

"ನೀನು? ನಿನ್ನವೂ ಇವೆಯಲ್ಲ."

"ನನ್ನವು ನೂರ ಎಂಬತ್ತು. ಮಗಳು ಮಲಗಿದ ಮೇಲೆ ಅತ್ತುಬಿಟ್ಟೆ. ಬರ್ತೀನಿ ಅಂತ ಬರ್ಕೊಂಡೆ. ಈಗ ನಿನ್ನ ಮಾತು ಹೇಳು. ಬರಲ್ಲ ಅಂದ್ರೂ ನಾನು ಮಾತು ಬಿಡಲ್ಲ ಮಾರಾಯ್ತಿ. ಆದ್ರೆ ನಿನ್ನ ಬಾಯಿಂದಲೇ ಬರ್ಬೇಕು."

ಯೋಚಿಸಲು ಹತ್ತು ನಿಮಿಷ ಕೇಳಿದೆ. ಕೊಟ್ಟಳು. ಬಾಗಿಲ ಹೊರಗೆ ನಿಂತಿದ್ದಾಳೆ. ಪಟ್ಟಿ ನನ್ನೆದುರಿಗೇ ಇದೆ. ಅವಳು ಪೆನ್ಸಿಲಿನಲ್ಲಿ ಬರೆದಿದ್ದಾಳೆ, ಈಗ ಗಮನಿಸಿದೆ. ಪಕ್ಕದಲ್ಲಿ ರಬ್ಬರ್ ಕೂಡ ಇಟ್ಟು ಹೋಗಿದ್ದಾಳೆ.

ಇನ್ನೂರ ಹದಿನಾಲ್ಕು ಸೀಸೆ. ಮುಂದಿನ ಸರದಿ ಮಂಗಳವಾರ.

ಚಹಾ ಆರಿತು. ಬಾಗಿಲು ತಟ್ಟುತ್ತಿದ್ದಾಳೆ. ನಕಲು ಮಾಡಿಸದ ಲ್ಯಾಬಿನ ಕೀಲಿಕೈ ಅವಳಿಗೆ ಕೊಡಲೆಂದು ಮೇಜಿನ ಮೇಲಿಟ್ಟೆ. ಹೇಳುವುದು ಇಷ್ಟೇ, ನಾನು —